ಎರಡು ಅನಿಶ್ಚಿತಗಳಲ್ಲಿ ದೊಡ್ಡದು ಯಾವುದು

ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೇಳಲು ಯಾರೂ ತಡವರಿಸುವುದಿಲ್ಲ. ಇನ್ನೂ ತೀರ್ಮಾನವಾಗದ ಎರಡು ಮೊತ್ತಗಳ ವಿಷಯದಲ್ಲಿ ಹಾಗಲ್ಲ. ಇಂದು ಹುಟ್ಟಿದ ಮಗುವಿನ ಆಯುಷ್ಯ ಹೆಚ್ಚೋ, ಆರು ವರ್ಷದ ಮಗುವಿಗೆ ಇನ್ನು ಉಳಿದಿರುವ ಆಯುಷ್ಯ ಹೆಚ್ಚೋ? ಸರಕನ್ನೆಲ್ಲ ಒಂದೇ ಹಡಗಿಗೆ ತುಂಬಿದರೆ ಬರುವ ಹಣ ಮೇಲೋ, ಎರಡು ಹಡಗುಗಳಿಗೆ ಹಂಚಿದರೆ ಬರುವುದು ಮೇಲೋ? ಇಂಥ ಮೊತ್ತಗಳನ್ನು ಸಂಖ್ಯಾಶಾಸ್ತ್ರ ಯಾದೃಚ್ಛಿಕ ಚರಗಳೆಂದು ಕರೆಯುತ್ತದೆ. ಇವುಗಳಿಗೆ ಒಂದು ನಿಶ್ಚಿತ ಬೆಲೆ ಇರುವುದಿಲ್ಲ. ಯಾವ ಬೆಲೆ ಬರುವ ಸಂಭವ ಎಷ್ಟು ಎಂದು ತಿಳಿಸುವ ವಿತರಣೆ ಇರುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಎರಡು ಸಂಖ್ಯೆಗಳನ್ನಲ್ಲ, ಎರಡು ಇಡೀ ವಕ್ರರೇಖೆಗಳನ್ನು. ಅದಕ್ಕಾಗಿ 20ನೆಯ ಶತಮಾನದಲ್ಲಿ ರೂಪುಗೊಂಡ ನಿಯಮಗಳಿಗೆ ಸ್ಟೊಕಾಸ್ಟಿಕ್ ಕ್ರಮಗಳೆಂದು ಹೆಸರು. ಅದಕ್ಕೆ ಹಿಂದಿನ ಮುನ್ನೂರು ವರ್ಷ ಗಣಿತಜ್ಞರು ಇದೇ ಪ್ರಶ್ನೆಯನ್ನು ಒಂದೇ ಸಂಖ್ಯೆಯಲ್ಲಿ ಮುಗಿಸಲು ಹವಣಿಸುತ್ತಲೇ ಇದ್ದರು.

ಆ ಒಂದು ಸಂಖ್ಯೆ ಸರಾಸರಿ. ಪ್ಯಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಜೂಜಿನ ಲೆಕ್ಕಗಳ ಬಗ್ಗೆ ಪತ್ರ ಬರೆದುಕೊಂಡರು. 1657ರಲ್ಲಿ ಕ್ರಿಸ್ಟಿಯಾನ್ ಹೈಗನ್ಸ್ ಆ ವಿಚಾರಕ್ಕೆ ಪುಸ್ತಕದ ರೂಪ ಕೊಟ್ಟ. ಆಟವೊಂದರ ಬೆಲೆ ಎಂದರೆ ಗೆಲ್ಲಬಹುದಾದ ಮೊತ್ತಗಳನ್ನು ಅವುಗಳ ಸಂಭವದಿಂದ ಗುಣಿಸಿ ಕೂಡಿದ ನಿರೀಕ್ಷಿತ ಮೌಲ್ಯ ಎಂಬುದು ಅಲ್ಲಿಂದ ರೂಢಿಯಾಯಿತು. ಒಂದೇ ಆಟವನ್ನು ಸಾವಿರಾರು ಸಲ ಆಡುವವನಿಗೆ ಈ ಲೆಕ್ಕ ಸಾಕು. ಬದುಕಿನ ಹೆಚ್ಚಿನ ಪಣಗಳನ್ನು ಮನುಷ್ಯ ಒಂದೇ ಸಲ ಆಡುತ್ತಾನೆ, ತೊಡಕು ಹುಟ್ಟಿದ್ದು ಅಲ್ಲಿ.

ಸರಾಸರಿಯ ಆಚೆಗೂ ನೋಡಬೇಕೆಂಬ ಮೊದಲ ಸುಳಿವು ಜೂಜಿನಿಂದ ಬರಲಿಲ್ಲ, ಸಾವಿನ ಪಟ್ಟಿಗಳಿಂದ ಬಂತು. ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ ನಗರದ ಮರಣ ಪಟ್ಟಿಗಳನ್ನು ಆಧರಿಸಿ 1662ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹುಟ್ಟಿದ 100 ಮಕ್ಕಳಲ್ಲಿ 6ನೆಯ ವಯಸ್ಸಿಗೆ 64, 16ಕ್ಕೆ 40, 26ಕ್ಕೆ 25, 36ಕ್ಕೆ 16, 46ಕ್ಕೆ 10, 56ಕ್ಕೆ 6, 66ಕ್ಕೆ 3, 76ಕ್ಕೆ 1 ಉಳಿಯುತ್ತವೆ ಎಂಬ ಸಣ್ಣ ಕೋಷ್ಟಕ ಅದರಲ್ಲಿತ್ತು. ಕೋಷ್ಟಕದ ಬಹುಭಾಗ ಊಹೆಯೇ, ಏಕೆಂದರೆ ಆ ಕಾಲದ ಪಟ್ಟಿಗಳಲ್ಲಿ ಸತ್ತವರ ವಯಸ್ಸು ಬರೆಯುತ್ತಿರಲಿಲ್ಲ. ಆದರೂ ಆಯುಷ್ಯದ ವಿತರಣೆಯನ್ನು ಹುಟ್ಟಿನಿಂದ ಮುಪ್ಪಿನವರೆಗೆ ಒಂದೇ ನೋಟಕ್ಕೆ ಸಿಗುವಂತೆ ಇಟ್ಟದ್ದು ಆ ಎಂಟು ಸಂಖ್ಯೆಗಳು.

1669ರಲ್ಲಿ ಕ್ರಿಸ್ಟಿಯಾನ್ ಹೈಗನ್ಸ್‌ನ ತಮ್ಮ ಲೋಡ್‌ವೈಕ್ ಈ ಕೋಷ್ಟಕದಿಂದ ನವಜಾತ ಶಿಶುವಿನ ಸರಾಸರಿ ಆಯುಷ್ಯವನ್ನು ಲೆಕ್ಕ ಹಾಕಿ ಅಣ್ಣನಿಗೆ ಬರೆದ. ಅವನಿಗೆ ಬಂದ ಉತ್ತರ 18 ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಅಣ್ಣ ಅದಕ್ಕೆ ತಕರಾರು ತೆಗೆದ. ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ಸುಮಾರು 11ನೆಯ ವಯಸ್ಸಿಗೇ ತೀರಿಹೋಗಿರುತ್ತವೆ. ಹಾಗಿರುವಾಗ ಮಗು 18 ವರ್ಷ ಬದುಕುತ್ತದೆಂದು ಸಮಪಣ ಕಟ್ಟಿದವನು ಸೋಲುವ ಸಂಭವವೇ ಹೆಚ್ಚು ಎಂಬುದು ಅವನ ವಾದ. ಸರಾಸರಿ ಬೇರೆ, ಮಧ್ಯಾಂಕ ಬೇರೆ. ವರ್ಷಾಶನದ ಬೆಲೆ ಕಟ್ಟಲು ಮೊದಲನೆಯದು ಬೇಕು, ಪಣ ಕಟ್ಟಲು ಎರಡನೆಯದು. ಈ ವ್ಯತ್ಯಾಸ ತಿಳಿಯಲೆಂದು ಕ್ರಿಸ್ಟಿಯಾನ್ ಗ್ರಾಂಟ್‌ನ ಅಂಕಿಗಳನ್ನು ರೇಖೆಯಾಗಿ ಬರೆದ. ಇಷ್ಟು ವರ್ಷಕ್ಕಿಂತ ಹೆಚ್ಚು ಬದುಕುವವರು ನೂರಕ್ಕೆ ಎಷ್ಟು ಎಂದು ತೋರಿಸುವ ಉಳಿವಿನ ವಕ್ರರೇಖೆಯ ಮೊದಲ ಚಿತ್ರ ಅದು. ಸ್ಟೊಕಾಸ್ಟಿಕ್ ಕ್ರಮಕ್ಕೆ ಬೇಕಾದ ಸಾಮಗ್ರಿಯೆಲ್ಲ ಆ ಹಾಳೆಯ ಮೇಲಿತ್ತು. ಆದರೆ ಅಣ್ಣತಮ್ಮಂದಿರ ಪತ್ರಗಳು ಅಚ್ಚಾದದ್ದು 1895ರಲ್ಲಿ, ಹೈಗನ್ಸ್‌ನ ಸಮಗ್ರ ಕೃತಿಗಳ ಸಂಪುಟವೊಂದರಲ್ಲಿ.

ಗ್ರಾಂಟ್‌ನ ಕೋಷ್ಟಕದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅದೇ ಅಂಕಿಗಳಿಂದ ಆರು ವರ್ಷದ ಮಗುವಿನ ಉಳಿದ ಆಯುಷ್ಯದ ಸರಾಸರಿ ತೆಗೆದರೆ ಸುಮಾರು 20.8 ವರ್ಷ, ಆಗ ತಾನೆ ಹುಟ್ಟಿದ ಮಗುವಿನದಕ್ಕಿಂತ ಹೆಚ್ಚು. ಎಳೆತನದ ರೋಗಗಳನ್ನು ಅದು ದಾಟಿ ಬಂದಿದೆ. ಇನ್ನು ಹತ್ತು ವರ್ಷ ಬದುಕುವ ಸಂಭವ ನವಜಾತ ಶಿಶುವಿಗೆ ನೂರಕ್ಕೆ 54ರಷ್ಟಾದರೆ ಆರು ವರ್ಷದ ಮಗುವಿಗೆ 62ಕ್ಕೂ ಹೆಚ್ಚು. ಆದರೆ ಇನ್ನು ಎಪ್ಪತ್ತು ವರ್ಷ ಬದುಕುವ ಸಂಭವ ಕೇಳಿದರೆ ಉತ್ತರ ತಿರುಗುತ್ತದೆ: ಶಿಶುವಿಗೆ ನೂರಕ್ಕೆ 2.2, ಆರರ ಮಗುವಿಗೆ 1.6. ಎರಡು ವಕ್ರರೇಖೆಗಳು ಅರವತ್ತು ವರ್ಷದ ಆಸುಪಾಸಿನಲ್ಲಿ ಒಂದನ್ನೊಂದು ಕತ್ತರಿಸಿ ಹೋಗುತ್ತವೆ. ಯಾವ ಆಯುಷ್ಯ ದೊಡ್ಡದು ಎಂಬ ಪ್ರಶ್ನೆಗೆ ಸರಾಸರಿ ಒಂದು ಉತ್ತರ ಕೊಡುತ್ತದೆ, ವಕ್ರರೇಖೆಗಳು ಉತ್ತರವಿಲ್ಲ ಎನ್ನುತ್ತವೆ. ಎರಡನೆಯ ಮಾತು ಹೆಚ್ಚು ಪ್ರಾಮಾಣಿಕವಾದದ್ದು. ಅದನ್ನು ಒಂದು ಉತ್ತರವೆಂದು ಒಪ್ಪಿಕೊಳ್ಳಲು ಗಣಿತಕ್ಕೆ ಬಹಳ ಕಾಲ ಹಿಡಿಯಿತು.

ವಯಸ್ಸಿನೊಂದಿಗೆ ಆಯುಷ್ಯದ ವಿತರಣೆ ಬದಲಾಗುವುದನ್ನು ಕಡೆಗಣಿಸಿದ್ದು ಸರಕಾರಗಳಿಗಂತೂ ದುಬಾರಿಯಾಗಿ ಪರಿಣಮಿಸಿತು. ಯುದ್ಧದ ಖರ್ಚಿಗೆಂದು ಯುರೋಪಿನ ದೊರೆಗಳು ಜೀವಿತಾವಧಿಯ ವರ್ಷಾಶನಗಳನ್ನು ಮಾರುತ್ತಿದ್ದರು: ಈಗ ಇಡಿಗಂಟು ಕೊಟ್ಟರೆ ಹೆಸರಿಸಿದ ವ್ಯಕ್ತಿ ಬದುಕಿರುವವರೆಗೂ ವರ್ಷವರ್ಷ ಹಣ. ಎಷ್ಟೋ ಕಡೆ ವಯಸ್ಸು ಏನೇ ಇರಲಿ ದರ ಒಂದೇ. ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ದಾಖಲೆಗಳಿಂದ ಜೀವಿತ ಕೋಷ್ಟಕ ತಯಾರಿಸಿ ವಯಸ್ಸಿಗೆ ತಕ್ಕಂತೆ ಬೆಲೆ ಬೇರೆ ಇರಬೇಕೆಂದು ತೋರಿಸಿಕೊಟ್ಟ. ಅದು ಖಜಾನೆಗಳ ಕಿವಿಗೆ ಬೀಳಲಿಲ್ಲ. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಸರಕಾರ ಒಂದೇ ದರದಲ್ಲಿ ವರ್ಷಾಶನ ಮಾರುತ್ತಿದ್ದಾಗ ಜಿನೀವಾದ ಬ್ಯಾಂಕರುಗಳು ಸಿಡುಬಿನ ಅಪಾಯ ದಾಟಿದ, ಒಳ್ಳೆಯ ಮನೆತನಗಳ, ಗಟ್ಟಿಮುಟ್ಟಾದ ಎಳೆಯ ಹುಡುಗಿಯರನ್ನು ಆರಿಸಿದರು. ಮೂವತ್ತು ಮೂವತ್ತು ಹುಡುಗಿಯರ ತಂಡ ಕಟ್ಟಿ ಅವರ ಹೆಸರಿನ ಮೇಲೆ ವರ್ಷಾಶನ ಕೊಂಡು ಅದರ ಪಾಲುಗಳನ್ನು ಜನರಿಗೆ ಮಾರಿದರು. ಖಜಾನೆ ಎಲ್ಲ ವಯಸ್ಸಿನವರಿಗೂ ಒಂದೇ ಬೆಲೆ ಕಟ್ಟಿತ್ತು. ಬ್ಯಾಂಕರುಗಳು ಉದ್ದ ಆಯುಷ್ಯದವರನ್ನೇ ಹೆಕ್ಕಿದರು. ಹುಡುಗಿಯರು ನಿರೀಕ್ಷೆಯಂತೆ ಬದುಕಿದರು, ಬದುಕದೆ ಹೋದದ್ದು ಸಾಲಗಾರ ಸರಕಾರ. ಕ್ರಾಂತಿಯ ಕಾಲದ ಹಣದುಬ್ಬರ ಮತ್ತು 1797ರಲ್ಲಿ ಸಾಲದ ಮೂರನೆಯ ಎರಡು ಭಾಗವನ್ನು ಫ್ರಾನ್ಸ್ ತಳ್ಳಿಹಾಕಿದ್ದು ಆ ಹೂಡಿಕೆಗಳನ್ನು ಮುಳುಗಿಸಿದವು. ಆಯುಷ್ಯದ ವಿತರಣೆಯನ್ನು ಅಷ್ಟು ಚೆನ್ನಾಗಿ ಓದಿದವರು ಸಾಲಗಾರನ ವಿತರಣೆಯನ್ನು ಓದಿರಲಿಲ್ಲ.

ಜೂಜಿನ ಕಡೆಯಿಂದ ಸರಾಸರಿಗೆ ಪೆಟ್ಟು ಬಿದ್ದದ್ದು 1713ರಲ್ಲಿ. ನಿಕೊಲಸ್ ಬರ್ನೂಲಿ ಮಾಂಟ್‌ಮೋರ್‌ಗೆ ಬರೆದ ಪತ್ರದಲ್ಲಿ ಒಂದು ಆಟವಿತ್ತು. ಮುಂದೆ ಅದು ಸೇಂಟ್ ಪೀಟರ್ಸ್‌ಬರ್ಗ್ ವಿರೋಧಾಭಾಸವೆಂದು ಹೆಸರಾಯಿತು. ಅದರ ನಿರೀಕ್ಷಿತ ಮೌಲ್ಯ ಅನಂತ, ಆದರೂ ಅದಕ್ಕೆ ನಾಲ್ಕು ಕಾಸಿಗಿಂತ ಹೆಚ್ಚು ಕೊಡುವ ಬುದ್ಧಿವಂತನಿಲ್ಲ. ನಿಕೊಲಸನ ದಾಯಾದಿ ಡೇನಿಯಲ್ ಬರ್ನೂಲಿ ಇದಕ್ಕೆ ಕೊಟ್ಟ ಪರಿಹಾರ 1738ರಲ್ಲಿ ಪೀಟರ್ಸ್‌ಬರ್ಗ್ ಅಕಾಡೆಮಿಯ ಸಂಪುಟದಲ್ಲಿ ಪ್ರಕಟವಾಯಿತು. ಹಣವನ್ನು ಹಾಗೇ ಎಣಿಸಬಾರದು, ಅದರಿಂದ ಸಿಗುವ ತೃಪ್ತಿಯನ್ನು ಎಣಿಸಬೇಕು. ಆ ತೃಪ್ತಿ ಹಣದ ಲಾಗರಿತಮ್ ಇದ್ದಂತೆ ಬೆಳೆಯುತ್ತದೆ ಎಂಬುದು ಅವನ ನಿಲುವು. ಅರ್ಥಶಾಸ್ತ್ರದ ತುಷ್ಟಿಗುಣದ ಕಲ್ಪನೆಗೆ ಗಣಿತದ ಮೈ ಬಂದದ್ದು ಇಲ್ಲಿ.

ಆ ಲೇಖನದಲ್ಲಿ ಪೀಟರ್ಸ್‌ಬರ್ಗ್ ಆಟಕ್ಕಿಂತ ಹೆಚ್ಚು ಫಲ ಕೊಡುವ ಇನ್ನೊಂದು ಉದಾಹರಣೆ ಇದೆ. ಸೆಂಪ್ರೋನಿಯಸ್ ಎಂಬವನಿಗೆ ಮನೆಯಲ್ಲಿ 4000 ಡ್ಯೂಕಟ್ ಆಸ್ತಿ, ಪರದೇಶದಲ್ಲಿ 8000 ಡ್ಯೂಕಟ್ ಬೆಲೆಯ ಸರಕು. ಸರಕು ಸಮುದ್ರದ ಮೇಲೆ ಬರಬೇಕು. ಹತ್ತರಲ್ಲಿ ಒಂದು ಹಡಗು ಮುಳುಗುತ್ತದೆ. ಒಂದೇ ಹಡಗಿಗೆ ತುಂಬಿದರೂ ಎರಡಕ್ಕೆ ಸಮನಾಗಿ ಹಂಚಿದರೂ ಕೈಸೇರುವ ಸರಕಿನ ಸರಾಸರಿ ಬೆಲೆ 7200 ಡ್ಯೂಕಟ್. ಸರಾಸರಿಯ ಕಣ್ಣಿಗೆ ಎರಡೂ ಒಂದೇ. ಬರ್ನೂಲಿಯ ಲಾಗರಿತಮ್ ಲೆಕ್ಕದಲ್ಲಿ ಒಂದು ಹಡಗಿನ ಬೆಲೆ 6751, ಎರಡು ಹಡಗುಗಳ ಬೆಲೆ 7033. ಹಂಚುವುದೇ ಮೇಲು. ತೀರ್ಪು ಸರಿ, ಆದರೆ ಅದಕ್ಕೆ ಲಾಗರಿತಮ್ಮಿನ ಹಂಗು ಬೇಕಾಗಿರಲಿಲ್ಲ. ಸರಾಸರಿ ಒಂದೇ ಇದ್ದಾಗ ಏರುಪೇರು ಕಡಿಮೆ ಇರುವುದನ್ನು ಬಯಸುವ ಯಾವನೇ ಆಗಲಿ, ಅವನ ತುಷ್ಟಿಗುಣದ ಸೂತ್ರ ಯಾವುದೇ ಇರಲಿ, ಎರಡು ಹಡಗುಗಳನ್ನೇ ಆರಿಸುತ್ತಾನೆ. ಇದನ್ನು ಅರ್ಥಶಾಸ್ತ್ರಜ್ಞರು ಬಾಯಿಬಿಟ್ಟು ಹೇಳಲು ಇನ್ನೂ 230 ವರ್ಷ ಬೇಕಾಯಿತು.

ಅದಕ್ಕೆ ಬೇಕಾದ ಗಣಿತ ಹುಟ್ಟಿದ್ದು ಅಪಾಯದ ಅಧ್ಯಯನದಲ್ಲಿ ಅಲ್ಲ, ಸಂಪತ್ತಿನ ಹಂಚಿಕೆಯ ಅಧ್ಯಯನದಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮ್ಯಾಕ್ಸ್ ಲಾರೆಂಜ್ 1905ರಲ್ಲಿ ಬಡವರಿಂದ ಆರಂಭಿಸಿ ಜನರನ್ನು ಸಾಲಾಗಿ ನಿಲ್ಲಿಸಿ, ಕೆಳಗಿನ ಇಷ್ಟು ಭಾಗ ಜನರ ಕೈಯಲ್ಲಿ ಒಟ್ಟು ಸಂಪತ್ತಿನ ಎಷ್ಟು ಭಾಗವಿದೆ ಎಂಬುದನ್ನು ರೇಖೆಯಾಗಿ ಬರೆದ. ಒಂದು ದೇಶದ ರೇಖೆ ಎಲ್ಲ ಕಡೆಯೂ ಇನ್ನೊಂದರ ಕೆಳಗಿದ್ದರೆ ಅಲ್ಲಿ ಅಸಮಾನತೆ ಹೆಚ್ಚು. ಹ್ಯೂ ಡಾಲ್ಟನ್ 1920ರಲ್ಲಿ ಇದಕ್ಕೊಂದು ತತ್ವ ಸೇರಿಸಿದ: ಉಳ್ಳವನಿಂದ ಸ್ವಲ್ಪ ತೆಗೆದು ಇಲ್ಲದವನಿಗೆ ಕೊಟ್ಟರೆ, ಅವರ ಸ್ಥಾನ ಅದಲುಬದಲಾಗದಿದ್ದಲ್ಲಿ, ಅಸಮಾನತೆ ಇಳಿಯಲೇಬೇಕು. ಇದೇ ಡಾಲ್ಟನ್ 1945ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿಯಾದ. ತತ್ವವನ್ನು ತೆರಿಗೆಯ ಮೂಲಕ ಜಾರಿಗೆ ತರುವ ಅವಕಾಶ ಎಲ್ಲ ಅರ್ಥಶಾಸ್ತ್ರಜ್ಞರಿಗೂ ಸಿಗುವುದಿಲ್ಲ.

ಗಣಿತದ ಮುದ್ರೆ ಒತ್ತಿದವರು ಹಾರ್ಡಿ, ಲಿಟಲ್‌ವುಡ್ ಮತ್ತು ಪೋಲ್ಯ. 1929ರ ಅವರ ಲೇಖನ, ಅನಂತರ 1934ರ ಅಸಮತೆಗಳ ಪುಸ್ತಕ, ಎರಡು ಸಂಖ್ಯಾಸಾಲುಗಳ ಬಗ್ಗೆ ಮೂರು ಬೇರೆ ಬೇರೆ ಮಾತುಗಳು ಒಂದೇ ಎಂದು ಸಾಧಿಸಿದವು. ಒಂದು, ಲಾರೆಂಜ್ ರೇಖೆಗಳು ಒಂದರ ಕೆಳಗೊಂದು ಇರುವುದು. ಇನ್ನೊಂದು, ಡಾಲ್ಟನ್ ಹೇಳಿದಂಥ ಸಣ್ಣ ಸಣ್ಣ ವರ್ಗಾವಣೆಗಳಿಂದ ಒಂದು ಸಾಲಿನಿಂದ ಇನ್ನೊಂದನ್ನು ತಲುಪಬಹುದಾದದ್ದು. ಮತ್ತೊಂದು, ಪೀನವಾದ ಪ್ರತಿಯೊಂದು ಉತ್ಪನ್ನಕ್ಕೂ ಒಂದು ಸಾಲಿನ ಮೊತ್ತ ಇನ್ನೊಂದರದಕ್ಕಿಂತ ಕಡಿಮೆ ಇರುವುದು. ಈ 'ಪ್ರತಿಯೊಂದು' ಎಂಬ ಪದದಲ್ಲಿ ಮುಂದಿನ ಇಡೀ ಶಾಸ್ತ್ರದ ಬೀಜವಿದೆ. ಯಾವ ಅಳತೆಗೋಲು ಸರಿ ಎಂದು ಜಗಳವಾಡುವ ಬದಲು, ಎಲ್ಲ ಅಳತೆಗೋಲುಗಳೂ ಒಪ್ಪಿದಾಗ ಮಾತ್ರ ತೀರ್ಪು ಕೊಡುವುದು ಅದರ ಮರ್ಮ.

ಸಂಭವಶಾಸ್ತ್ರದೊಳಗೆ ಈ ವಿಚಾರ ಬಂದದ್ದು ಪ್ರಯೋಗಾಲಯದ ಬಾಗಿಲಿನಿಂದ. ಅಮೆರಿಕನ್ ಸಯನಮೈಡ್ ಕಂಪನಿಯ ರಸಾಯನಶಾಸ್ತ್ರಜ್ಞ ಫ್ರಾಂಕ್ ವಿಲ್ಕಾಕ್ಸನ್ 1945ರಲ್ಲಿ ನಾಲ್ಕು ಪುಟದ ಲೇಖನದಲ್ಲಿ ಎರಡು ಉಪಚಾರಗಳನ್ನು ಹೋಲಿಸುವ ಸರಳ ಉಪಾಯ ಹೇಳಿದ: ಅಳತೆಗಳನ್ನು ಬಿಟ್ಟು ಅವುಗಳ ಕ್ರಮಾಂಕಗಳನ್ನು ಕೂಡಿ ನೋಡಿ. 1947ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಹೆನ್ರಿ ಮ್ಯಾನ್ ಮತ್ತು ಅವರ ವಿದ್ಯಾರ್ಥಿ ಡೊನಾಲ್ಡ್ ವಿಟ್ನಿ ಈ ಪರೀಕ್ಷೆಗೆ ಗಟ್ಟಿಯಾದ ಬುನಾದಿ ಹಾಕಿದರು. ಒಂದು ಯಾದೃಚ್ಛಿಕ ಚರ ಇನ್ನೊಂದಕ್ಕಿಂತ ಸ್ಟೊಕಾಸ್ಟಿಕ್ ಆಗಿ ದೊಡ್ಡದು ಎಂಬ ಮಾತು ಅವರ ಲೇಖನದ ಶೀರ್ಷಿಕೆಯಲ್ಲೇ ಇದೆ. ಯಾವ ಸಂಖ್ಯೆಯನ್ನು ಹಿಡಿದರೂ ಅದನ್ನು ಮೀರುವ ಸಂಭವ ಮೊದಲನೆಯದಕ್ಕೆ ಹೆಚ್ಚಿರಬೇಕು ಎಂಬುದು ಅದರ ಅರ್ಥ. ಹೈಗನ್ಸ್‌ನ ರೇಖೆಗಳಲ್ಲಿ ಹೇಳುವುದಾದರೆ ಒಂದು ವಕ್ರರೇಖೆ ಎಲ್ಲಿಯೂ ಇನ್ನೊಂದರ ಕೆಳಗೆ ಇಳಿಯಬಾರದು.

ಈ ಪರೀಕ್ಷೆಯನ್ನು ಇಂದು ವೈದ್ಯರಿಂದ ಕೃಷಿ ವಿಜ್ಞಾನಿಗಳವರೆಗೆ ಎಲ್ಲರೂ ಬಳಸುತ್ತಾರೆ, ಅದು ಅಳೆಯುವುದು ಏನನ್ನು ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ಎರಡು ಗುಂಪುಗಳಿಂದ ಒಂದೊಂದು ಅಳತೆ ಎತ್ತಿದರೆ ಯಾವುದು ಗೆಲ್ಲುವ ಸಂಭವ ಹೆಚ್ಚು ಎಂಬುದನ್ನಷ್ಟೇ ಅದು ಎಣಿಸುತ್ತದೆ. ಗೆಲ್ಲುವುದಕ್ಕೂ ದೊಡ್ಡದಾಗಿರುವುದಕ್ಕೂ ಇರುವ ಅಂತರವನ್ನು ಸ್ಟೈನ್‌ಹೌಸ್ ಮತ್ತು ಟ್ರಿಬುವಾ 1959ರಲ್ಲಿ ತೋರಿಸಿದರು. ಅದನ್ನು ಮನೆಮಾತಾಗಿಸಿದ್ದು ಬ್ರಾಡ್ಲಿ ಎಫ್ರಾನ್‌ನ ದಾಳಗಳು. ಮಾರ್ಟಿನ್ ಗಾರ್ಡ್ನರ್ 1970ರಲ್ಲಿ ತಮ್ಮ ಅಂಕಣದಲ್ಲಿ ಅವನ್ನು ಪರಿಚಯಿಸಿದರು. ಕ ದಾಳದ ಮುಖಗಳಲ್ಲಿ ನಾಲ್ಕು 4 ಮತ್ತು ಎರಡು 0. ಖ ದಾಳದಲ್ಲಿ ಆರೂ 3. ಗ ದಾಳದಲ್ಲಿ ಎರಡು 6 ಮತ್ತು ನಾಲ್ಕು 2. ಘ ದಾಳದಲ್ಲಿ ಮೂರು 5 ಮತ್ತು ಮೂರು 1. ಕ ದಾಳ ಖ ದಾಳವನ್ನು ಮೂರರಲ್ಲಿ ಎರಡು ಸಲ ಸೋಲಿಸುತ್ತದೆ. ಖ ಅಷ್ಟೇ ಸಂಭವದಿಂದ ಗ ದಾಳವನ್ನೂ, ಗ ಅಷ್ಟೇ ಸಂಭವದಿಂದ ಘ ದಾಳವನ್ನೂ ಸೋಲಿಸುತ್ತವೆ. ಕೊನೆಗೆ ಘ ದಾಳ ಮೂರರಲ್ಲಿ ಎರಡು ಸಲ ಕ ದಾಳವನ್ನೇ ಸೋಲಿಸುತ್ತದೆ. ಎದುರಾಳಿಗೆ ಮೊದಲು ಆರಿಸಿಕೊಳ್ಳಲು ಬಿಡುವ ಸೌಜನ್ಯ ಉಳ್ಳವನು ಈ ಆಟದಲ್ಲಿ ಹೆಚ್ಚು ಸಲ ಗೆಲ್ಲುತ್ತಾನೆ. ಸ್ಟೊಕಾಸ್ಟಿಕ್ ಕ್ರಮದಲ್ಲಿ ಇಂಥ ಸುತ್ತು ಸಾಧ್ಯವೇ ಇಲ್ಲ. ಕ ಮತ್ತು ಖ ದಾಳಗಳನ್ನೇ ನೋಡಿ: 3ನ್ನು ಮೀರುವ ಸಂಭವ ಕ ದಾಳಕ್ಕೆ ಹೆಚ್ಚು, 0ಯನ್ನು ಮೀರುವ ಸಂಭವ ಖ ದಾಳಕ್ಕೆ ಹೆಚ್ಚು. ರೇಖೆಗಳು ಕತ್ತರಿಸುತ್ತವೆ, ಆದ್ದರಿಂದ ಅವೆರಡರ ನಡುವೆ ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ.

ವಿಲ್ಕಾಕ್ಸನ್ ಮತ್ತು ಮ್ಯಾನ್ ಬರೆದ ವರ್ಷಗಳಲ್ಲೇ ಏರುಪೇರನ್ನು ಹೋಲಿಸುವ ಎಳೆಯೂ ಸಂಖ್ಯಾಶಾಸ್ತ್ರಕ್ಕೆ ಬಂತು. ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನದ ಒಂದು ಫಲಿತಾಂಶ ಹೀಗಿದೆ: ಯಾವುದೇ ಅಂದಾಜನ್ನು ತೆಗೆದುಕೊಂಡು, ಮಾಹಿತಿಯ ಸಾರವನ್ನೆಲ್ಲ ಹಿಡಿದಿಟ್ಟ ಸಂಖ್ಯೆಯೊಂದನ್ನು ಆಧರಿಸಿ ಅದರ ಸರಾಸರಿ ಮಾಡಿದರೆ ಗುರಿ ತಪ್ಪುವುದಿಲ್ಲ, ಚದುರುವಿಕೆ ಮಾತ್ರ ಇಳಿಯುತ್ತದೆ. ಡೇವಿಡ್ ಬ್ಲ್ಯಾಕ್‌ವೆಲ್ 1947ರಲ್ಲಿ ಸ್ವತಂತ್ರವಾಗಿ ಇದೇ ಜಾಗಕ್ಕೆ ಬಂದರು, ಪ್ರಮೇಯಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿತು. ಮೊದಲ ರೂಪದಲ್ಲಿ ಅದು ವೇರಿಯನ್ಸ್ ಎಂಬ ಒಂದು ಅಳತೆಯ ಮಾತು. ಬೇಗನೆ ತಿಳಿದದ್ದೇನೆಂದರೆ, ತಪ್ಪಿನ ದಂಡವನ್ನು ಯಾವುದೇ ಪೀನ ಉತ್ಪನ್ನದಿಂದ ಅಳೆದರೂ ಸರಾಸರಿ ಮಾಡಿದ ಅಂದಾಜು ಕೆಳಗೇ ಉಳಿಯುತ್ತದೆ. ಹಾರ್ಡಿ ಮತ್ತು ಸಂಗಡಿಗರ 'ಪ್ರತಿಯೊಂದು' ಇಲ್ಲಿಯೂ ತಲೆ ಎತ್ತಿತು. ಇಂದು ಇದನ್ನು ಪೀನ ಕ್ರಮ ಎನ್ನುತ್ತಾರೆ. ಬ್ಲ್ಯಾಕ್‌ವೆಲ್ 1951 ಮತ್ತು 1953ರ ಲೇಖನಗಳಲ್ಲಿ ಇನ್ನೂ ಮುಂದೆ ಹೋಗಿ, ಎರಡು ಪ್ರಯೋಗಗಳಲ್ಲಿ ಯಾವುದು ಹೆಚ್ಚು ತಿಳಿಸುತ್ತದೆ ಎಂಬುದಕ್ಕೂ ಇಂಥದೇ ಕ್ರಮ ಕೊಟ್ಟರು: ಎರಡನೆಯದನ್ನು ಮೊದಲನೆಯದಕ್ಕೆ ಗದ್ದಲ ಬೆರೆಸಿ ಪಡೆಯಬಹುದಾದರೆ, ಯಾವ ನಿರ್ಧಾರಕ್ಕೇ ಆಗಲಿ, ಮೊದಲನೆಯದೇ ಮೇಲು.

1955ರಲ್ಲಿ ಎರಿಕ್ ಲೆಹ್ಮನ್ ಕ್ರಮಬದ್ಧ ವಿತರಣಾ ಕುಟುಂಬಗಳ ಬಗ್ಗೆ ಬರೆದ ಲೇಖನದೊಂದಿಗೆ ವಿಷಯ ಪಠ್ಯದ ಮಟ್ಟ ಮುಟ್ಟಿತು. ಹತ್ತು ವರ್ಷಗಳ ನಂತರ ಫೋಲ್ಕರ್ ಸ್ಟ್ರಾಸೆನ್ ಅದಕ್ಕೆ ಅತ್ಯಂತ ಸುಂದರವಾದ ವಿವರಣೆ ಕೊಟ್ಟ. ಮುಂದೆ ಮಾತೃಕೆಗಳನ್ನು ವೇಗವಾಗಿ ಗುಣಿಸುವ ವಿಧಾನದಿಂದ ಗಣಕ ವಿಜ್ಞಾನದಲ್ಲಿ ಹೆಸರಾದವನು ಇವನೇ. ಒಂದು ಚರ ಸ್ಟೊಕಾಸ್ಟಿಕ್ ಆಗಿ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ, ಆ ಎರಡೇ ವಿತರಣೆಗಳುಳ್ಳ ಒಂದು ಜೋಡಿಯನ್ನು ಒಂದೇ ಯಾದೃಚ್ಛಿಕತೆಯಿಂದ ಕಟ್ಟಬಹುದು. ಆ ಜೋಡಿಯಲ್ಲಿ ದೊಡ್ಡದು ಪ್ರತಿಸಲವೂ, ತಪ್ಪದೆ, ದೊಡ್ಡದಾಗಿಯೇ ಇರುತ್ತದೆ. ಉದಾಹರಣೆಗೆ ಒಂದು ನಾಣ್ಯದ ತಲೆ ಬೀಳುವ ಸಂಭವ 0.5, ಇನ್ನೊಂದರದು 0.6. ನೂರು ಸಲ ಚಿಮ್ಮಿದಾಗ ಎರಡನೆಯದರಲ್ಲಿ ಹೆಚ್ಚು ತಲೆಗಳು ಬೀಳುವ ಕಡೆ ವಾಲಿಕೆ ಇದೆ ಎಂದು ಸೂತ್ರಗಳಿಂದ ಸಾಧಿಸುವುದು ಬೇಸರದ ಕೆಲಸ. ಅದರ ಬದಲು 0 ಮತ್ತು 1ರ ನಡುವೆ ಒಂದು ಸಂಖ್ಯೆಯನ್ನು ಯದ್ವಾತದ್ವಾ ಆರಿಸಿ, ಅದು 0.5ಕ್ಕಿಂತ ಕಡಿಮೆ ಬಂದರೆ ಮೊದಲ ನಾಣ್ಯಕ್ಕೆ ತಲೆ, 0.6ಕ್ಕಿಂತ ಕಡಿಮೆ ಬಂದರೆ ಎರಡನೆಯದಕ್ಕೆ ತಲೆ ಎಂದು ನಿಯಮ ಮಾಡಿದರೆ ಸಾಕು. ಮೊದಲನೆಯದಕ್ಕೆ ತಲೆ ಬಿದ್ದಾಗಲೆಲ್ಲ ಎರಡನೆಯದಕ್ಕೂ ಬೀಳುತ್ತದೆ, ವಾದ ಮುಗಿಯಿತು. ಹೀಗೆ ಜೋಡಿ ಕಟ್ಟುವ ಉಪಾಯವನ್ನು ಮೊದಲು ಬಳಸಿದವನು ವೋಲ್ಫ್‌ಗ್ಯಾಂಗ್ ಡೋಬ್ಲಿನ್, 1938ರಲ್ಲಿ. ಎರಡೇ ವರ್ಷದಲ್ಲಿ, ನಾಜಿ ಸೈನ್ಯ ಫ್ರಾನ್ಸಿಗೆ ನುಗ್ಗಿದಾಗ, 25ನೆಯ ವಯಸ್ಸಿನಲ್ಲಿ ಅವನು ಪ್ರಾಣ ಕಳೆದುಕೊಂಡ.

ಅರ್ಥಶಾಸ್ತ್ರ ಈ ಹಾದಿಗೆ ಬಂದದ್ದು ತಡವಾಗಿ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಹೂಡಿಕೆಗಳನ್ನು ಸರಾಸರಿ ಮತ್ತು ವೇರಿಯನ್ಸ್ ಎಂಬ ಎರಡು ಸಂಖ್ಯೆಗಳಿಂದ ಹೋಲಿಸುವ ಪದ್ಧತಿ ತಂದ. ಒಂದು ಸಂಖ್ಯೆಗಿಂತ ಎರಡು ಮೇಲು, ಆದರೆ ಎರಡೂ ಕೆಲವೊಮ್ಮೆ ಕುರುಡಾಗುತ್ತವೆ. ಒಂದು ಹೂಡಿಕೆ ಖಚಿತವಾಗಿ 100 ರೂಪಾಯಿ ಕೊಡುತ್ತದೆ. ಇನ್ನೊಂದು ಸಮಸಂಭವದಿಂದ 100 ಅಥವಾ 200 ಕೊಡುತ್ತದೆ ಎನ್ನೋಣ. ಎರಡನೆಯದು ಯಾವ ಸ್ಥಿತಿಯಲ್ಲೂ ಮೊದಲನೆಯದಕ್ಕಿಂತ ಕಡಿಮೆ ಕೊಡುವುದಿಲ್ಲ. ಆದರೂ ಅದರ ಸರಾಸರಿಯೂ ಹೆಚ್ಚು, ವೇರಿಯನ್ಸೂ ಹೆಚ್ಚು ಇರುವುದರಿಂದ ಈ ಪದ್ಧತಿ ತೀರ್ಪು ಕೊಡದೆ ಸುಮ್ಮನಾಗುತ್ತದೆ. ಈ ಬಗೆಯ ಮೌನವನ್ನು ಪ್ರಾಮಾಣಿಕತೆ ಎನ್ನಲಾಗದು, ಅದು ಕೊರತೆ.

ಕ್ವರ್ಕ್ ಮತ್ತು ಸಪೋಸ್ನಿಕ್ 1962ರಲ್ಲಿ ಮೊದಲ ಹೆಜ್ಜೆ ಇಟ್ಟರು: ಹೆಚ್ಚು ಹಣ ಬಯಸುವ ಎಲ್ಲರೂ ಒಪ್ಪುವ ಆಯ್ಕೆಯೇ ಮ್ಯಾನ್ ಮತ್ತು ವಿಟ್ನಿ ಹೇಳಿದ ಕ್ರಮ. ಇದಕ್ಕೆ ಮೊದಲ ದರ್ಜೆಯ ಪ್ರಾಬಲ್ಯ ಎಂದು ಹೆಸರಾಯಿತು. 1969ರಲ್ಲಿ ಹಡಾರ್ ಮತ್ತು ರಸೆಲ್ ಅಮೆರಿಕದಲ್ಲೂ, ಹನೋಕ್ ಮತ್ತು ಲೆವಿ ಜೆರುಸಲೇಮಿನಲ್ಲೂ ಎರಡನೆಯ ದರ್ಜೆಯನ್ನು ಕಂಡರು: ಹೆಚ್ಚು ಹಣ ಬಯಸುವ ಮತ್ತು ಅಪಾಯಕ್ಕೆ ಹಿಂಜರಿಯುವ ಎಲ್ಲರೂ ಒಪ್ಪುವ ಆಯ್ಕೆ. ಇದರ ಪರೀಕ್ಷೆ ಸರಳ. ಯಾವ ಗೆರೆ ಎಳೆದರೂ, ಆ ಗೆರೆಗಿಂತ ಕಡಿಮೆ ಬೀಳುವ ಕೊರತೆಯ ಸರಾಸರಿ ಒಂದರಲ್ಲಿ ಇನ್ನೊಂದರದಕ್ಕಿಂತ ಹೆಚ್ಚಾಗಬಾರದು. ಸೆಂಪ್ರೋನಿಯಸ್‌ನ ಸರಕಿಗೆ 4000 ಡ್ಯೂಕಟ್ಟಿನ ಗೆರೆ ಎಳೆದರೆ ಒಂದು ಹಡಗಿನಲ್ಲಿ ಸರಾಸರಿ ಕೊರತೆ 400, ಎರಡು ಹಡಗಿನಲ್ಲಿ 40. 6000ದ ಗೆರೆಗೆ 600 ಮತ್ತು 420. 8000ದಲ್ಲಿ ಮಾತ್ರ ಎರಡೂ 800. ಲಾಗರಿತಮ್ ಇಲ್ಲದೆಯೇ ತೀರ್ಪು ಸಿಕ್ಕಿತು.

1970ರಲ್ಲಿ ಜರ್ನಲ್ ಆಫ್ ಎಕನಾಮಿಕ್ ಥಿಯರಿಯ ಒಂದೇ ಸಂಚಿಕೆಯಲ್ಲಿ ಒಂದರ ಹಿಂದೊಂದರಂತೆ ಎರಡು ಲೇಖನಗಳು ಬಂದವು. ಮೊದಲನೆಯದರಲ್ಲಿ ಮೈಕೆಲ್ ರಾಥ್ಸ್‌ಚೈಲ್ಡ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅಪಾಯ ಹೆಚ್ಚುವುದೆಂದರೆ ಏನು ಎಂದು ಕೇಳಿದರು. ಗದ್ದಲ ಸೇರಿಸುವುದು, ವಿತರಣೆಯ ನಡುವಿನಿಂದ ತೂಕ ತೆಗೆದು ಅಂಚುಗಳಿಗೆ ಹಾಕುವುದು, ಅಪಾಯಕ್ಕೆ ಹಿಂಜರಿಯುವ ಎಲ್ಲರೂ ದೂರವಿಡುವುದು, ಈ ಮೂರೂ ಒಂದೇ. ವೇರಿಯನ್ಸ್ ಹೆಚ್ಚುವುದು ಮಾತ್ರ ಇವುಗಳಿಗೆ ಸಮವಲ್ಲ ಎಂದು ತೋರಿಸಿದರು. ಎರಡನೆಯದರಲ್ಲಿ ಆಂಟನಿ ಅಟ್ಕಿನ್ಸನ್ ಅದೇ ಗಣಿತವನ್ನು ಆದಾಯದ ಹಂಚಿಕೆಗೆ ಅನ್ವಯಿಸಿ ಅದು ಲಾರೆಂಜ್ ರೇಖೆಯೇ ಎಂದು ಗುರುತಿಸಿದ. ವರ್ತಕನ ಹಡಗು ಮತ್ತು ದೇಶದ ಬಡವರು ಒಂದೇ ಸಮೀಕರಣದಡಿ ಬಂದರು. ಹಾರ್ಡಿ ಮತ್ತು ಬ್ಲ್ಯಾಕ್‌ವೆಲ್‌ರ ಕೃತಿಗಳಲ್ಲಿ ಇದರ ತಿರುಳು ಆಗಲೇ ಇತ್ತು. ಗಣಿತದ ಕಪಾಟಿನಿಂದ ಅರ್ಥಶಾಸ್ತ್ರದ ಕಪಾಟಿಗೆ ಪುಸ್ತಕ ಸಾಗಲು ಹಿಡಿದ ಕಾಲವಷ್ಟೇ ನಡುವಿನದು. ಅಟ್ಕಿನ್ಸನ್ ಭಾರತವೂ ಸೇರಿದಂತೆ 12 ದೇಶಗಳನ್ನು ಜೋಡಿಜೋಡಿಯಾಗಿ ಹೋಲಿಸಿದಾಗ 66 ಜೋಡಿಗಳಲ್ಲಿ ಬಹುಪಾಲಿನ ರೇಖೆಗಳು ಕತ್ತರಿಸಿದವು. ಅಂಥಲ್ಲಿ ಯಾವ ದೇಶದಲ್ಲಿ ಅಸಮಾನತೆ ಹೆಚ್ಚು ಎಂಬುದಕ್ಕೆ ಉತ್ತರ ಅಂಕಿಗಳಲ್ಲಿ ಇಲ್ಲ, ಕೇಳುವವನ ಮೌಲ್ಯಗಳಲ್ಲಿದೆ.

ಬಡತನದ ಲೆಕ್ಕದಲ್ಲಿ ಈ ವಿಚಾರ ಭಾರತಕ್ಕೆ ಹತ್ತಿರವಾದದ್ದು. ಫಾಸ್ಟರ್ ಮತ್ತು ಶಾರಾಕ್ಸ್ 1988ರಲ್ಲಿ ಬಡತನದ ಕ್ರಮಗಳನ್ನೂ ಪ್ರಾಬಲ್ಯದ ದರ್ಜೆಗಳನ್ನೂ ಬೆಸೆದರು. ಬಡತನ ರೇಖೆಯನ್ನು ಎಲ್ಲಿ ಎಳೆದರೂ ಬಡವರ ಪಾಲು ಇಳಿದಿದ್ದರೆ ಅದು ಮೊದಲ ದರ್ಜೆಯ ಪ್ರಾಬಲ್ಯ, ಆಗ ರೇಖೆಯ ಬಗ್ಗೆ ಜಗಳ ಬೇಕಿಲ್ಲ. 2011-12ರಲ್ಲಿ ಭಾರತದ ಬಡವರ ಪಾಲು ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ನೂರಕ್ಕೆ 21.9, ರಂಗರಾಜನ್ ಸಮಿತಿಯ ವಿಧಾನದಲ್ಲಿ 29.5. ಆದರೆ 2009-10ಕ್ಕೆ ಹೋಲಿಸಿದರೆ ಎರಡೂ ಇಳಿಕೆಯನ್ನೇ ತೋರಿಸಿದವು. ಪ್ರಮಾಣ ರೇಖೆಯನ್ನು ಅವಲಂಬಿಸಿತ್ತು, ದಿಕ್ಕು ಅವಲಂಬಿಸಿರಲಿಲ್ಲ. ಸಾರ್ವಜನಿಕ ಚರ್ಚೆ ಮಾತ್ರ ಎಂದಿನಂತೆ ಪ್ರಮಾಣದ ಸುತ್ತಲೇ ನಡೆಯಿತು.

ಎಂಜಿನಿಯರುಗಳ ಕೈಯಲ್ಲಿ ಕ್ರಮಗಳು ಇನ್ನಷ್ಟು ಕವಲೊಡೆದವು. ಬಾರ್ಲೋ ಮತ್ತು ಪ್ರೋಶನ್‌ರ 1965ರ ಪುಸ್ತಕ ಯಂತ್ರಭಾಗಗಳ ಬಾಳಿಕೆಯನ್ನು ಈ ದೃಷ್ಟಿಯಿಂದ ನೋಡಿತು. ಬಳಸಿದ ಭಾಗದ ಉಳಿದ ಬಾಳಿಕೆ ಹೊಸದರ ಬಾಳಿಕೆಗಿಂತ ಸ್ಟೊಕಾಸ್ಟಿಕ್ ಆಗಿ ಚಿಕ್ಕದೇ ಎಂಬುದು ಗೊತ್ತಾದರೆ ಕೆಡುವ ಮೊದಲೇ ಬದಲಿಸುವ ಯೋಜನೆಗೆ ಅರ್ಥವಿದೆ, ಇಲ್ಲವಾದರೆ ಇಲ್ಲ. ಸರದಿ ಸಾಲುಗಳ ಅಧ್ಯಯನವನ್ನು ಈ ಕಡೆ ತಿರುಗಿಸಿದ್ದು ಡೀಟ್ರಿಚ್ ಸ್ಟೋಯನ್‌ನ 1977ರ ಜರ್ಮನ್ ಪುಸ್ತಕ, 1983ರಲ್ಲಿ ಅದರ ಇಂಗ್ಲಿಷ್ ರೂಪ. ಗಿರಾಕಿಗಳು ಯದ್ವಾತದ್ವಾ ಬರುವ ಒಂದೇ ಕೌಂಟರಿನಲ್ಲಿ ಪ್ರತಿಯೊಬ್ಬರಿಗೂ ತಗಲುವ ಸಮಯವನ್ನು ಏರುಪೇರಿಲ್ಲದೆ ಸಮ ಮಾಡಿದರೆ, ಸರಾಸರಿ ಬದಲಾಗದೆಯೇ ಕಾಯುವಿಕೆ ಇಳಿಯುತ್ತದೆ; ಘಾತೀಯ ವಿತರಣೆಗೆ ಹೋಲಿಸಿದರೆ ಸರಿಯಾಗಿ ಅರ್ಧಕ್ಕೆ. ಮಾರ್ಷಲ್ ಮತ್ತು ಓಲ್ಕಿನ್ 1979ರಲ್ಲಿ ಅಸಮತೆಗಳ ಕಡೆಯಿಂದ, ಷೇಕೆಡ್ ಮತ್ತು ಶಾಂತಿಕುಮಾರ್ 1994ರಲ್ಲಿ ಕ್ರಮಗಳ ಕಡೆಯಿಂದ ಇದನ್ನೆಲ್ಲ ಒಟ್ಟುಗೂಡಿಸಿದರು. ಆ ಪುಸ್ತಕಗಳಲ್ಲಿ ಕ್ರಮಗಳ ಹೆಸರುಗಳೇ ಡಜನ್‌ಗಟ್ಟಲೆ ಇವೆ. ಅವುಗಳಲ್ಲಿ ಎಷ್ಟು ನಿಜವಾಗಿ ಬೇಕಾದವು ಎಂಬ ಅನುಮಾನ ಓದುಗನಿಗೆ ಬಂದರೆ ತಪ್ಪಿಲ್ಲ.

ಒಂದು ಸಂಖ್ಯೆಯ ಮೋಹ ಇದರಿಂದ ಕಳೆಯಿತೆಂದಲ್ಲ. ಬ್ಯಾಂಕುಗಳು ಬಹುಕಾಲ ನಷ್ಟದ ವಿತರಣೆಯ ಒಂದೇ ಬಿಂದುವನ್ನು ನೋಡಿ ಬಂಡವಾಳ ಎತ್ತಿಟ್ಟವು. ಆ ಬಿಂದುವಿನ ಆಚೆ ಎಷ್ಟು ಆಳದ ಗುಂಡಿ ಇದೆ ಎಂಬುದು ಅದರಲ್ಲಿ ಕಾಣುತ್ತಿರಲಿಲ್ಲ. 2016ರಲ್ಲಿ ಬಾಸೆಲ್ ಸಮಿತಿ ಅದರ ಬದಲು ಅಂಚಿನ ನಷ್ಟಗಳ ಸರಾಸರಿಯನ್ನು ಅಳತೆಯಾಗಿ ಮಾಡಿತು. ಈ ಅಳತೆ ಎರಡನೆಯ ದರ್ಜೆಯ ಪ್ರಾಬಲ್ಯಕ್ಕೆ ವಿರುದ್ಧ ಹೋಗುವುದಿಲ್ಲ, ಹಳೆಯದು ಹೋಗಬಲ್ಲದಾಗಿತ್ತು.

ವೈದ್ಯಕೀಯದಲ್ಲಿ ಕತ್ತರಿಸುವ ರೇಖೆಗಳು ಚಿಕಿತ್ಸೆಯನ್ನೇ ಬದಲಿಸಿದ ಪ್ರಸಂಗವಿದೆ. 2009ರಲ್ಲಿ ಪ್ರಕಟವಾದ ಐಪಾಸ್ ಎಂಬ ಅಧ್ಯಯನ ಪೂರ್ವ ಏಷ್ಯಾದ 1217 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಗೆಫಿಟಿನಿಬ್ ಮಾತ್ರೆಯನ್ನು ಕೀಮೊಥೆರಪಿಗೆ ಹೋಲಿಸಿತು. ಒಟ್ಟಾರೆ ಒಂದು ಸಂಖ್ಯೆಯಲ್ಲಿ ಮಾತ್ರೆಯೇ ಗೆದ್ದಿತ್ತು: ರೋಗ ಉಲ್ಬಣಿಸುವ ಅಪಾಯದ ಅನುಪಾತ 0.74. ಆದರೆ ಎರಡು ಗುಂಪುಗಳ ರೇಖೆಗಳು ಸುಮಾರು ಆರು ತಿಂಗಳಲ್ಲಿ ಕತ್ತರಿಸಿದ್ದವು. ಮೊದಲು ಕೀಮೊ ಮೇಲಿತ್ತು, ಆಮೇಲೆ ಮಾತ್ರೆ. ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇದ್ದವರನ್ನೂ ಇಲ್ಲದವರನ್ನೂ ಬೇರ್ಪಡಿಸಿ ನೋಡಿದಾಗ ಕಾರಣ ತಿಳಿಯಿತು. ಬದಲಾವಣೆ ಇದ್ದವರಲ್ಲಿ ಆ ಅನುಪಾತ 0.48, ಇಲ್ಲದವರಲ್ಲಿ 2.85; ಅಂದರೆ ಒಂದು ಗುಂಪಿಗೆ ಮಾತ್ರೆ ಸ್ಪಷ್ಟವಾಗಿ ಒಳ್ಳೆಯದು, ಇನ್ನೊಂದಕ್ಕೆ ಸ್ಪಷ್ಟವಾಗಿ ಕೆಟ್ಟದ್ದು. ಈಗ ಈ ಬಗೆಯ ಮಾತ್ರೆಯನ್ನು ಮೊದಲ ಚಿಕಿತ್ಸೆಯಾಗಿ ಬರೆಯುವ ಮುನ್ನ ಆ ಜೀನಿನ ಪರೀಕ್ಷೆ ಮಾಡಿಸುವುದು ವಾಡಿಕೆ.